ಡ್ಯೂಟಿಯಲ್ಲಿಲ್ಲದ ಪೊಲೀಸರು ಗುಂಡು ಹಾರಿಸಿದರೆ: ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಯವರಿಗೆ ಸಮಗ್ರ ಮಾರ್ಗದರ್ಶಿ

ರಜೆಯ ಮೇಲಿದ್ದ ಅಥವಾ ಪಾಳಿ ಮುಗಿಸಿ ಮನೆಗೆ ಹೋಗಿದ್ದ ಪೊಲೀಸರೊಬ್ಬರು ಹೊಲದ ಬದುವಿನ ತಕರಾರಿನಲ್ಲೋ, ಮದುವೆ ಮೆರವಣಿಗೆಯಲ್ಲೋ, ಮನೆಯೊಳಗಿನ ಜಗಳದಲ್ಲೋ ಗುಂಡು ಹಾರಿಸಿದರೆಂದು ಇಟ್ಟುಕೊಳ್ಳಿ. ಆ ಪ್ರಕರಣ ಮುಂದೆ ನಿಲ್ಲುವುದೂ ಬೀಳುವುದೂ ಒಂದೇ ಪ್ರಶ್ನೆಯ ಮೇಲೆ: ಅದು ಕರ್ತವ್ಯದ ಕೆಲಸವಾಗಿತ್ತೋ, ಖಾಸಗಿ ಕೃತ್ಯವೋ? ಉತ್ತರ ಕೋರ್ಟಿನಲ್ಲಿ ಬರುತ್ತದೆ ಎಂದು ಜನ ಕಾಯುತ್ತಾರೆ. ನಿಜವಾಗಿ ಅದು ಮೊದಲ ಎರಡು ದಿನಗಳ ಕಾಗದಪತ್ರದಲ್ಲೇ ತೀರ್ಮಾನವಾಗಿಬಿಡುತ್ತದೆ. ಆದ್ದರಿಂದ ಈ ಬರಹದ ಹೆಚ್ಚಿನ ಜಾಗ ಆ ಎರಡು ದಿನಗಳಿಗೇ ಮೀಸಲು.

ಕರ್ತವ್ಯ ಎಂಬ ಗುರಾಣಿ

ಕಾನೂನಿನಲ್ಲಿ ಪೊಲೀಸರಿಗೆ ಮೂರು ಕಡೆ ರಕ್ಷಣೆಯಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಮುಂದೆ ಬಿಎನ್‌ಎಸ್‌ಎಸ್) 218ನೇ ಕಲಂ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 197, ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೆಲವು ಸರ್ಕಾರಿ ನೌಕರರ ಮೇಲಿನ ಪ್ರಕರಣವನ್ನು ಕೋರ್ಟು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ ಎನ್ನುತ್ತದೆ. ಸರ್ಕಾರದ ಮಂಜೂರಾತಿಯಿಂದಲೇ ಹುದ್ದೆಯಿಂದ ತೆಗೆಯಬಹುದಾದವರಿಗೆ ಮಾತ್ರ ಇದು ಅನ್ವಯ. ಎಸ್ಪಿ ಹಂತದಲ್ಲೇ ವಜಾ ಮಾಡಬಹುದಾದ ಕಾನ್‌ಸ್ಟೆಬಲ್ ಇದರಡಿ ಬರುವುದಿಲ್ಲ. ಆದರೆ ನಮ್ಮ ರಾಜ್ಯದಲ್ಲಿ ಎರಡನೆಯ ಬೇಲಿ ಇದೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ನೇ ಕಲಂ ಕಾನ್‌ಸ್ಟೆಬಲ್‌ನಿಂದ ಮೇಲಿನವರೆಗೆ ಎಲ್ಲರನ್ನೂ ಒಳಗೊಳ್ಳುತ್ತದೆ. ಕರ್ತವ್ಯದ ಹೆಸರಿನಲ್ಲಿ ಅಥವಾ ಕರ್ತವ್ಯದ ಮಿತಿ ಮೀರಿ ಮಾಡಿದ ಕೃತ್ಯಕ್ಕೂ ಅನುಮತಿ ಬೇಕೆನ್ನುತ್ತದೆ. 2020ರ ಡಿ. ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಎರಡೂ ಕಲಂಗಳನ್ನು ಒಟ್ಟಿಗೆ ಓದಿ, ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸವಾದ ಸಂಬಂಧವಿದ್ದರೆ ಅನುಮತಿ ಬೇಕು, ಸಂಬಂಧವೇ ಇಲ್ಲದಿದ್ದರೆ ಬೇಡ ಎಂದಿತು. ಮೂರನೆಯದು ಬಿಎನ್‌ಎಸ್‌ಎಸ್ 175(4): ಕರ್ತವ್ಯ ನಿರ್ವಹಣೆಯಲ್ಲಿ ಹುಟ್ಟಿದ ದೂರಾದರೆ, ತನಿಖೆಗೆ ಆದೇಶಿಸುವ ಮೊದಲು ಮ್ಯಾಜಿಸ್ಟ್ರೇಟರು ಮೇಲಧಿಕಾರಿಯ ವರದಿಯನ್ನೂ ಆರೋಪಿತ ನೌಕರನ ಹೇಳಿಕೆಯನ್ನೂ ನೋಡಬೇಕು.

ಮೂರೂ ಬಾಗಿಲುಗಳ ಬೀಗ ಒಂದೇ: ಕೃತ್ಯ ಕರ್ತವ್ಯಕ್ಕೆ ಸೇರಿದ್ದೇ ಎಂಬ ಪ್ರಶ್ನೆ. ಪೊಲೀಸರು ದಿನದ 24 ತಾಸೂ ಕರ್ತವ್ಯದಲ್ಲಿ ಇದ್ದಂತೆ ಎಂಬ ವಾದವನ್ನು ಎದುರು ಪಕ್ಷ ತಂದೇ ತರುತ್ತದೆ. ಯಾವಾಗ ಕರೆದರೂ ಕೆಲಸಕ್ಕೆ ಬರಬೇಕು ಎಂಬುದಷ್ಟೇ ಆ ಮಾತಿನ ಅರ್ಥ. ಸ್ವಂತ ಸಿಟ್ಟಿಗೆ ಹಾರಿಸಿದ ಗುಂಡು ಅದರಿಂದ ಸರ್ಕಾರಿ ಕೆಲಸವಾಗುವುದಿಲ್ಲ.

ಮೊದಲ ದಿನ: ಆಸ್ಪತ್ರೆ

ಗಾಯಾಳುವನ್ನು ಹತ್ತಿರದ ಆಸ್ಪತ್ರೆಗೆ ಸಾಗಿಸಿ: ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಅಥವಾ ತಾಲ್ಲೂಕು ಆಸ್ಪತ್ರೆ. ಪೊಲೀಸ್ ಕೇಸು ಎಂದು ಹೇಳಿ ಖಾಸಗಿ ಆಸ್ಪತ್ರೆಯೂ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ. 1989ರ ಪರಮಾನಂದ ಕಟಾರಾ ತೀರ್ಪು ಸ್ಪಷ್ಟವಾಗಿದೆ. ದಾರಿಯಲ್ಲೇ ಯಾರಾದರೊಬ್ಬರು 112ಕ್ಕೆ ಕರೆ ಮಾಡಲಿ. ಆ ಕರೆಯ ಸಮಯ ದಾಖಲಾಗುತ್ತದೆ. ‘ದೂರು ತಡವಾಗಿ ಕಟ್ಟಿದ ಕಥೆ’ ಎಂಬ ಮಾತಿಗೆ ಮುಂದೆ ಅದೇ ಉತ್ತರ.

ಆಸ್ಪತ್ರೆಯಲ್ಲಿ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್ ಎಂಬ ವೈದ್ಯಕೀಯ-ಕಾನೂನು ದಾಖಲೆ) ಆಗಲೇಬೇಕು. ವೈದ್ಯರು ಅದರಲ್ಲಿ ಏನು ಬರೆಯುತ್ತಾರೆ ಎಂಬುದು ಮುಖ್ಯ. ‘ಗುಂಡೇಟು’ ಎಂದಷ್ಟೇ ಇದ್ದರೆ ಸಾಲದು. ಯಾರು ಹೊಡೆದರು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಗಾಯಾಳು ಹೇಳಿದ್ದು ಅವರದೇ ಮಾತಿನಲ್ಲಿ ಇರಬೇಕು. ಗಾಯಾಳು ಉಳಿಯುವ ಭರವಸೆಯಿಲ್ಲದಿದ್ದರೆ, ಹೇಳಿಕೆ ದಾಖಲಿಸಲು ಮ್ಯಾಜಿಸ್ಟ್ರೇಟರನ್ನು ಕರೆಸುವಂತೆ ವೈದ್ಯರಿಗೆ ಲಿಖಿತವಾಗಿ ಕೇಳಿ. ಆತ ಮಾತನಾಡಬಲ್ಲ ಸ್ಥಿತಿಯಲ್ಲಿದ್ದಾನೆ ಎಂಬ ವೈದ್ಯರ ಷರಾ ಹೇಳಿಕೆಯ ಜೊತೆಗೇ ಇರಲಿ. ಮರಣಕಾಲದ ಹೇಳಿಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಂ ಪ್ರಕಾರ ಸಾಕ್ಷ್ಯ.

ಗಡಿಭಾಗದಲ್ಲಿ ಇನ್ನೊಂದು ತೊಡಕು. ಆಳಂದ, ಅಫಜಲಪುರದವರು ಸೊಲ್ಲಾಪುರಕ್ಕೆ ಓಡುತ್ತಾರೆ, ಬೀದರ್ ಕಡೆಯವರು ಹೈದರಾಬಾದಿಗೆ. ಅಲ್ಲಿ ಜೀವ ಹೋದರೆ ಎಂಎಲ್‌ಸಿ, ಪಂಚನಾಮೆ, ಮರಣೋತ್ತರ ಪರೀಕ್ಷೆ ಎಲ್ಲವೂ ಬೇರೆ ರಾಜ್ಯದ ಠಾಣೆಯ ಹೆಸರಿನಲ್ಲಿ, ಮರಾಠಿಯಲ್ಲೋ ತೆಲುಗಿನಲ್ಲೋ ಆಗುತ್ತವೆ. ಅಲ್ಲೇ ಝೀರೋ ಎಫ್‌ಐಆರ್ (ಸರಹದ್ದು ಯಾವುದಿದ್ದರೂ ದಾಖಲಿಸುವ ಎಫ್‌ಐಆರ್) ಮಾಡಿಸಬಹುದು. ಬಿಎನ್‌ಎಸ್‌ಎಸ್ 173 ಈಗ ಅದಕ್ಕೆ ನೇರ ಅವಕಾಶ ಕೊಟ್ಟಿದೆ. ಆ ಕಡತ ನಮ್ಮ ಠಾಣೆಗೆ ತಲುಪಿತೇ ಎಂದು ಬೆನ್ನುಹತ್ತುವುದು ಕುಟುಂಬದ ಕೆಲಸವಾಗಿ ಉಳಿಯುತ್ತದೆ. ಅಲ್ಲಿನ ಎಂಎಲ್‌ಸಿ ಸಂಖ್ಯೆ, ಠಾಣೆಯ ಹೆಸರು, ಝೀರೋ ಎಫ್‌ಐಆರ್ ಸಂಖ್ಯೆ ಬರೆದುಕೊಳ್ಳದೆ ಊರಿಗೆ ಮರಳಬೇಡಿ.

ಬಟ್ಟೆ, ಕಾಟ್ರಿಜ್, ಕ್ಯಾಮೆರಾ

ರಕ್ತದ ಬಟ್ಟೆಯನ್ನು ತೊಳೆಯಬೇಡಿ, ಎಸೆಯಬೇಡಿ. ತೂತಿನ ಸುತ್ತಲಿನ ಕಪ್ಪು, ಸುಟ್ಟ ಗುರುತು, ಮದ್ದಿನ ಕಣಗಳ ಹರಡುವಿಕೆ ನೋಡಿ ಗುಂಡು ಎಷ್ಟು ಹತ್ತಿರದಿಂದ ಬಂತೆಂದು ತಜ್ಞರು ಹೇಳುತ್ತಾರೆ. ‘ಕಸಿದಾಟದಲ್ಲಿ ಸಿಡಿಯಿತು’ ಎಂಬ ಸಮರ್ಥನೆ ನಿಲ್ಲುವುದೋ ಬೀಳುವುದೋ ಈ ಗುರುತುಗಳ ಮೇಲೆ. ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ, ಪ್ರತಿಯೊಂದನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಸಿ ಬಟ್ಟೆ ಕೊಳೆತು ಎಲ್ಲವೂ ಹಾಳಾಗುತ್ತದೆ. ತನಿಖಾಧಿಕಾರಿಗೆ ಪಂಚರ ಮುಂದೆ ಒಪ್ಪಿಸಿ, ಜಪ್ತಿ ಪಂಚನಾಮೆಯ ಪ್ರತಿ ಕೇಳಿ.

ಖಾಲಿ ಕಾಟ್ರಿಜ್ ಬಿದ್ದಿದ್ದರೆ ಮುಟ್ಟಬೇಡಿ, ಜೇಬಿಗೆ ಹಾಕಿಕೊಳ್ಳಬೇಡಿ. ಪಕ್ಕದಲ್ಲಿ ನಾಣ್ಯವನ್ನೋ ಅಳತೆಪಟ್ಟಿಯನ್ನೋ ಇಟ್ಟು ಫೋಟೋ ತೆಗೆಯಿರಿ, ಮೇಲೆ ಬುಟ್ಟಿ ಕವುಚಿ ಒಬ್ಬರನ್ನು ಕಾವಲಿಗೆ ನಿಲ್ಲಿಸಿ. ಸ್ಥಳದಿಂದ ಎತ್ತಿದ ಕಾಟ್ರಿಜ್‌ಗೆ ನೀವೇ ಇಟ್ಟಿದ್ದು ಎಂಬ ಆರೋಪ ಬರುತ್ತದೆ, ಅದು ಬಿದ್ದಿದ್ದ ಜಾಗದ ಬೆಲೆಯೂ ಹೋಗುತ್ತದೆ.

ಗುಂಡು ಹಾರಿಸಿದವರ ಕೈಯಲ್ಲಿ ಸೀಸ, ಬೇರಿಯಂ, ಆಂಟಿಮನಿ ಕಣಗಳು ಅಂಟಿರುತ್ತವೆ. ಕೈ ತೊಳೆದರೆ ಅವು ಹೋಗುತ್ತವೆ, ತೊಳೆಯದಿದ್ದರೂ ಕೆಲವೇ ಗಂಟೆಗಳಲ್ಲಿ ಉದುರುತ್ತವೆ. ರಕ್ತದಲ್ಲಿನ ಮದ್ಯದ ಅಂಶವೂ ಇಳಿಯುತ್ತಾ ಹೋಗುತ್ತದೆ. ಆರೋಪಿಯ ಕೈ ಸ್ವಾಬ್ (ಕೈಯಿಂದ ಒರೆಸಿ ತೆಗೆಯುವ ಮಾದರಿ) ಮತ್ತು ರಕ್ತದ ಮಾದರಿಯನ್ನು ಕೂಡಲೇ ತೆಗೆಯಿಸಿ ಎಂಬ ಒಂದು ಸಾಲು ನಿಮ್ಮ ಮೊದಲ ದೂರಿನಲ್ಲೇ ಇರಬೇಕು. ಬಿಎನ್‌ಎಸ್‌ಎಸ್ 51 ಪ್ರಕಾರ ಬಂಧಿತನನ್ನು ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬಹುದು. ಸಹೋದ್ಯೋಗಿಗಳು ‘ಸಾಹೇಬರು ಗಾಬರಿಯಲ್ಲಿದ್ದಾರೆ, ನಾಳೆ ನೋಡೋಣ’ ಎಂದು ಮುಂದೂಡುವುದು ಹೆಚ್ಚಾಗಿ ಇಲ್ಲೇ. ನೀವು ಕೇಳಿದ್ದಿರಿ, ಅವರು ಮಾಡಲಿಲ್ಲ ಎಂಬುದಕ್ಕೆ ದಾಖಲೆಯಿದ್ದರೆ ಆ ಲೋಪವೂ ಮುಂದೆ ನಿಮ್ಮ ವಾದಕ್ಕೆ ಬಲ ಕೊಡುತ್ತದೆ.

ಅಂಗಡಿ, ಲಾಡ್ಜ್, ಪೆಟ್ರೋಲ್ ಬಂಕಿನ ಸಿಸಿಟಿವಿ ಡಿಸ್ಕ್ ತುಂಬಿದಂತೆ ಹಳೆಯದು ಅಳಿಸಿಹೋಗುತ್ತದೆ; ಕೆಲವು ಕಡೆ ವಾರದಲ್ಲೇ. ದೃಶ್ಯ ಉಳಿಸಿಡುವಂತೆ ಮಾಲೀಕರಿಗೆ ಅಂದೇ ಪತ್ರ ಕೊಟ್ಟು ಸಹಿ ಪಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ತುಣುಕು ಸಾಕ್ಷ್ಯಕ್ಕೆ ದುರ್ಬಲ. ಮೂಲ ಚಿತ್ರೀಕರಿಸಿದ ಫೋನು, ಸಾಕ್ಷ್ಯ ಅಧಿನಿಯಮ 63(4)ರ ಪ್ರಮಾಣಪತ್ರ, ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು) ಬೇಕು. ಠಾಣೆಯ ಕ್ಯಾಮೆರಾ ಬೇರೆ ಮಾತು: 2020ರ ಪರಮವೀರ್ ಸಿಂಗ್ ಸೈನಿ ತೀರ್ಪಿನ ಪ್ರಕಾರ ಅದರ ದೃಶ್ಯ 18 ತಿಂಗಳು, ಆ ಸೌಲಭ್ಯ ಸಿಗದ ಕಡೆ ಕನಿಷ್ಠ ಒಂದು ವರ್ಷ ಇರಬೇಕು. ಘಟನೆಯ ನಂತರ ಆರೋಪಿ ಠಾಣೆಗೆ ಯಾವಾಗ ಬಂದ, ಯಾವ ಬಟ್ಟೆಯಲ್ಲಿದ್ದ ಎಂಬುದು ಅಲ್ಲಿ ಸಿಗುತ್ತದೆ.

ಮರಣೋತ್ತರ ಪರೀಕ್ಷೆ

ಕೊಲೆ ಅಥವಾ ಅನುಮಾನಾಸ್ಪದ ಸಾವಿನಲ್ಲಿ ರಾತ್ರಿ ಪರೀಕ್ಷೆ ಮಾಡಬಾರದೆಂಬುದು 2021ರ ಕೇಂದ್ರ ಆರೋಗ್ಯ ಸಚಿವಾಲಯದ ಸೂಚನೆ. ಕಾನೂನು ಸುವ್ಯವಸ್ಥೆಯ ಕಾರಣ ಮಾತ್ರ ವಿನಾಯಿತಿ. ಅಂಥ ಕಾರಣ ಹೇಳಿ ರಾತ್ರಿಯೇ ಮುಗಿಸಿದರೆ ವಿಡಿಯೊ ಕಡ್ಡಾಯ. ಲಿಖಿತವಾಗಿ ಕೇಳಬೇಕಾದ್ದು ಇಷ್ಟು: ಇಬ್ಬರು ವೈದ್ಯರು, ಪೂರ್ಣ ವಿಡಿಯೊ, ಮೊದಲು ಎಕ್ಸ್‌ರೇ, ದೇಹದಲ್ಲಿ ಸಿಕ್ಕ ಗುಂಡನ್ನು ವೈದ್ಯರೇ ಮೊಹರು ಮಾಡಿ ಪಟ್ಟಿಯಲ್ಲಿ ಕಾಣಿಸುವುದು. 2014ರ ಪಿಯುಸಿಎಲ್ ತೀರ್ಪು ಎನ್‌ಕೌಂಟರ್ ಸಾವುಗಳಿಗೆ ಇಬ್ಬರು ವೈದ್ಯರು ಮತ್ತು ವಿಡಿಯೊ ಬೇಕೆಂದಿದೆ. ನಿಮ್ಮದು ಎನ್‌ಕೌಂಟರ್ ಅಲ್ಲ, ಆ ಪದವನ್ನು ನಿಮ್ಮ ಯಾವ ಕಾಗದದಲ್ಲೂ ಬರೆಯಬೇಡಿ. ಆದರೆ ಪೊಲೀಸ್ ಆರೋಪಿಯಾಗಿರುವ ಕಡೆ ಅದಕ್ಕಿಂತ ಕಡಿಮೆ ಎಚ್ಚರ ಏಕೆ ಎಂದು ಕೇಳುವ ಹಕ್ಕು ನಿಮಗಿದೆ.

ಸಂಪ್ರದಾಯ ಒಪ್ಪುವುದಾದರೆ ಶವವನ್ನು ಸುಡದೆ ಹೂಳುವುದು ಒಳಿತು. ಪರೀಕ್ಷೆಯಲ್ಲಿ ಲೋಪ ಕಂಡರೆ ಬಿಎನ್‌ಎಸ್‌ಎಸ್ 196ರಡಿ ಮ್ಯಾಜಿಸ್ಟ್ರೇಟರು ಶವವನ್ನು ಹೊರತೆಗೆಸಬಹುದು.

ದೂರು ಹೇಗಿರಬೇಕು

ಠಾಣೆಯಲ್ಲಿ ರೈಟರ್ ಬರೆದುಕೊಡುವ ಅರ್ಜಿಗೆ ಸಹಿ ಹಾಕಬೇಡಿ. ನಿಮ್ಮ ದೂರನ್ನು ನೀವೇ ಬರೆಯಿರಿ. ಕರ್ತವ್ಯದ ಪ್ರಶ್ನೆಗೆ ಉತ್ತರ ಕೊಡುವ ಸಂಗತಿಗಳನ್ನು ಬಿಡಿಬಿಡಿಯಾಗಿ ಹೇಳಿ: ಸಮವಸ್ತ್ರ ಇತ್ತೇ, ಯಾರ ವಾಹನದಲ್ಲಿ ಬಂದರು, ಜೊತೆಗಿದ್ದವರು ಪೊಲೀಸರೇ ಗೆಳೆಯರೇ, ಸ್ಥಳ ಅವರ ಠಾಣೆಯ ಸರಹದ್ದೇ, ಬಂಧಿಸುತ್ತೇನೆ ಎಂದರೇ, ವಾರಂಟ್ ತೋರಿಸಿದರೇ, ಕುಡಿದಿದ್ದರೇ, ಹಳೆಯ ವೈರ ಏನು. ಹೀಗೆ:

‘ಆರೋಪಿಯು ಸಮವಸ್ತ್ರದಲ್ಲಿರಲಿಲ್ಲ. ತನ್ನ ಸ್ವಂತ ಮೋಟರ್ ಸೈಕಲ್ ಮೇಲೆ ಇಬ್ಬರು ಸಂಬಂಧಿಕರೊಂದಿಗೆ ಬಂದನು. ಸರ್ವೆ ನಂಬರ್ ___ ರ ಬದುವಿನ ವಿಷಯವಾಗಿ ಬೈದಾಡಿ, ಸೊಂಟದಿಂದ ಪಿಸ್ತೂಲು ತೆಗೆದು ಸುಮಾರು ಹತ್ತು ಅಡಿ ದೂರದಿಂದ ನನ್ನ ತಮ್ಮನ ಎದೆಗೆ ಹೊಡೆದನು. ಯಾವುದೇ ಬಂಧನ, ತಪಾಸಣೆ ಅಥವಾ ಸರ್ಕಾರಿ ಕೆಲಸ ಅಲ್ಲಿ ನಡೆಯುತ್ತಿರಲಿಲ್ಲ.’

ಕೊನೆಯ ವಾಕ್ಯವನ್ನು ಮರೆಯಬೇಡಿ, ನಿಜವಾಗಿದ್ದರೆ. ನೋಡದ್ದನ್ನು ನೋಡಿದೆನೆಂದು ಒಂದು ಸಾಲು ಸೇರಿಸಿದರೂ ಪಾಟೀಸವಾಲಿನಲ್ಲಿ ಪೂರ್ತಿ ದೂರು ಬೀಳುತ್ತದೆ. ಕೇಳಿ ತಿಳಿದದ್ದನ್ನು ಕೇಳಿದೆ ಎಂದೇ ಬರೆಯಿರಿ.

ಕಲಂಗಳನ್ನು ಪೊಲೀಸರು ಹಾಕುತ್ತಾರೆ, ಆದರೆ ತಪ್ಪು ಕಲಂ ಬಿದ್ದರೆ ಗುರುತಿಸಲು ನಿಮಗೆ ತಿಳಿದಿರಬೇಕು. ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 103 ಕೊಲೆ, 105 ಕೊಲೆಯಲ್ಲದ ನರಹತ್ಯೆ, 109 ಕೊಲೆ ಯತ್ನ, 106(1) ನಿರ್ಲಕ್ಷ್ಯದ ಸಾವು. ಕೊನೆಯದಕ್ಕೆ ಗರಿಷ್ಠ 5 ವರ್ಷ, ಹಾಗಾಗಿ ‘ಕೈತಪ್ಪಿ ಸಿಡಿಯಿತು’ ಎಂಬ ಪ್ರಕರಣಗಳನ್ನು ಅಲ್ಲಿಗೆ ತಳ್ಳುವ ಪ್ರಯತ್ನ ನಡೆಯುತ್ತದೆ. ಜನ ತುಂಬಿದ ಮದುವೆ ಮಂಟಪದಲ್ಲಿ ಗುಂಡು ಹಾರಿಸುವವನಿಗೆ ಯಾರಾದರೂ ಸಾಯಬಹುದೆಂಬ ಅರಿವು ಇದ್ದೇ ಇರುತ್ತದೆ. ಅಂಥ ಸಾವನ್ನು 2024ರಲ್ಲಿ ಸುಪ್ರೀಂ ಕೋರ್ಟ್ ನಿರ್ಲಕ್ಷ್ಯವೆನ್ನದೆ ನರಹತ್ಯೆಯ ಕಲಮಿನಡಿ ನೋಡಿದೆ. ಯಾರಿಗೂ ತಾಗದಿದ್ದರೂ ಸಂಭ್ರಮದ ಗುಂಡು ಆಯುಧ ಕಾಯ್ದೆ 25(9)ರಡಿ ಅಪರಾಧ: 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ಆಯುಧ ಕಾಯ್ದೆಯ 45ನೇ ಕಲಂ ಸರ್ಕಾರಿ ನೌಕರರಿಗೆ ವಿನಾಯಿತಿ ಕೊಡುತ್ತದೆ, ಕರ್ತವ್ಯದ ಅವಧಿಯಲ್ಲಿ ಹೊಂದಿದ ಆಯುಧಕ್ಕೆ ಮಾತ್ರ. ಖಾಸಗಿ ಜಗಳಕ್ಕೆ ತಂದ ಸರ್ವಿಸ್ ಪಿಸ್ತೂಲು ಆ ವಿನಾಯಿತಿಯೊಳಗೆ ಬಾರದು ಎಂದು ವಾದಿಸಿ, ಆಯುಧ ಬಳಸಿದ್ದಕ್ಕೆ ಶಿಕ್ಷೆ ಹೇಳುವ ಅದೇ ಕಾಯ್ದೆಯ 27ನೇ ಕಲಂ ಸೇರಿಸಲು ಕೇಳಿ. ಇದನ್ನು ಬಹಳಷ್ಟು ವಕೀಲರೂ ಬಿಟ್ಟುಬಿಡುತ್ತಾರೆ.

ಸತ್ತವರು ಅಥವಾ ಗಾಯಾಳು ಪರಿಶಿಷ್ಟ ಜಾತಿ, ಪಂಗಡದವರಾಗಿದ್ದು ಆರೋಪಿ ಆ ವರ್ಗಗಳಿಗೆ ಸೇರದವನಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯನ್ನು ದೂರಿನಲ್ಲೇ ಹೇಳಿ. ಆಗ ತನಿಖೆ ಡಿವೈಎಸ್ಪಿಗಿಂತ ಕೆಳಗಿನವರ ಕೈಗೆ ಹೋಗದು. ಜಾತಿ ಪ್ರಮಾಣಪತ್ರ ಎರಡೂ ಕಡೆಯದು ಬೇಕಾಗುತ್ತದೆ, ತಹಶೀಲ್ದಾರರಿಂದ ಬೇಗ ತೆಗೆಯಿಸಿ.

ಠಾಣೆ ದೂರು ತೆಗೆದುಕೊಳ್ಳದಿದ್ದರೆ

ಕೊಲೆ, ಕೊಲೆ ಯತ್ನಕ್ಕೆ ‘ಮೊದಲು ವಿಚಾರಿಸಿ ನೋಡುತ್ತೇವೆ’ ಎನ್ನುವಂತಿಲ್ಲ. 2013ರ ಲಲಿತಾ ಕುಮಾರಿ ತೀರ್ಪಿನಿಂದ ಎಫ್‌ಐಆರ್ ಕಡ್ಡಾಯ. ಬಿಎನ್‌ಎಸ್‌ಎಸ್ 173(3)ರ 14 ದಿನಗಳ ಪ್ರಾಥಮಿಕ ವಿಚಾರಣೆ 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗಷ್ಟೇ. ನಿರಾಕರಿಸಿದರೆ ಅಲ್ಲೇ ಕಿತ್ತಾಡದೆ ಅದೇ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಸ್ವೀಕೃತಿಯೊಂದಿಗೆ ಮೇಲಕ್ಕೆ ಕಳಿಸಿ. ಬೀದರ್, ಯಾದಗಿರಿ ಮತ್ತು ಕಲಬುರಗಿ ಗ್ರಾಮೀಣ ಭಾಗಕ್ಕೆ ಆಯಾ ಎಸ್ಪಿ; ಕಲಬುರಗಿ ನಗರಕ್ಕೆ ಪೊಲೀಸ್ ಕಮಿಷನರ್. ಒಂದು ಪ್ರತಿ ಕಲಬುರಗಿಯಲ್ಲಿರುವ ಈಶಾನ್ಯ ವಲಯದ ಐಜಿಪಿ ಕಚೇರಿಗೆ.

ಅಲ್ಲೂ ಕದಲದಿದ್ದರೆ ಬಿಎನ್‌ಎಸ್‌ಎಸ್ 175(3)ರಡಿ ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಅರ್ಜಿ. ಠಾಣೆಗೆ ಕೊಟ್ಟ ದೂರು, ಎಸ್ಪಿಗೆ ಕಳಿಸಿದ ಅಂಚೆ ರಸೀದಿ, ಪ್ರಮಾಣಪತ್ರ (ಅಫಿಡವಿಟ್) ಮೂರೂ ಇರಲೇಬೇಕು. ಎಸ್ಪಿ ಹಂತ ಬಿಟ್ಟು ನೇರ ಬಂದ ಅರ್ಜಿಗಳು ವಜಾ ಆಗುವುದು ಇದೇ ಕಾರಣಕ್ಕೆ. ಇನ್ನೊಂದು ದಾರಿ 223ರಡಿ ಖಾಸಗಿ ಫಿರ್ಯಾದಿ. ಆದರೆ ಅಲ್ಲಿ ಸಾಕ್ಷ್ಯದ ಹೊರೆ ನಿಮ್ಮ ಮೇಲೆ, ಬಂದೂಕು ಜಪ್ತಿ ಮಾಡುವವರು ಯಾರೂ ಇರುವುದಿಲ್ಲ. ಗುಂಡಿನ ಪ್ರಕರಣದಲ್ಲಿ ಅದು ಕೊನೆಯ ದಾರಿ.

ಎಫ್‌ಐಆರ್ ಆದಮೇಲೆ ಉಚಿತ ಪ್ರತಿ ಪಡೆಯಿರಿ, ಅದು ಮ್ಯಾಜಿಸ್ಟ್ರೇಟರಿಗೆ ತಲುಪಿದ ದಿನ ಮತ್ತು ಗಂಟೆಯನ್ನು ಕೋರ್ಟ್ ಕಚೇರಿಯಲ್ಲಿ ನೋಡಿ.

ಬಂದೂಕಿನ ಜಾಡು, ಮತ್ತು ಪ್ರತಿದೂರು

ಅಂದು ಡ್ಯೂಟಿ ಇತ್ತೇ ಎಂಬುದಕ್ಕೆ ಠಾಣೆಯೊಳಗೇ ಕಾಗದಗಳಿವೆ: ಠಾಣಾ ದಿನಚರಿ, ಡ್ಯೂಟಿ ಪಟ್ಟಿ, ರಜೆ ಮಂಜೂರಾತಿ, ಆಯುಧ ಮತ್ತು ಮದ್ದುಗುಂಡು ಕೊಟ್ಟು ಪಡೆದ ರಿಜಿಸ್ಟರ್. ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ), ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ಸಿಬ್ಬಂದಿಯಾದರೆ ಅವರ ಘಟಕದ ಶಸ್ತ್ರಾಗಾರದ ರಿಜಿಸ್ಟರ್. ಪಾಳಿ ಮುಗಿದರೂ ಪಿಸ್ತೂಲು ಮರಳಿ ಬಂದಿಲ್ಲವೆಂದರೆ ಯಾರ ಅನುಮತಿಯಿಂದ? ಕೊಟ್ಟ ಗುಂಡೆಷ್ಟು, ಉಳಿದದ್ದೆಷ್ಟು? ಇವುಗಳ ಪುಟಗಳನ್ನು ಜಪ್ತಿ ಮಾಡುವಂತೆ ಮೊದಲ ವಾರದಲ್ಲೇ ತನಿಖಾಧಿಕಾರಿಗೆ ಅರ್ಜಿ ಕೊಡಿ. ಆಮೇಲೆ ‘ಅಂದು ಗಸ್ತಿಗೆ ಕಳಿಸಿದ್ದೆವು’ ಎಂಬ ಸಾಲು ಸೇರಿದರೆ ಅದು ಬಿಎನ್‌ಎಸ್ 256ರಡಿ ಸುಳ್ಳು ದಾಖಲೆ ಸೃಷ್ಟಿ.

ಮಾಹಿತಿ ಹಕ್ಕಿನಲ್ಲೂ ಕೇಳಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಉಚಿತ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ. ಆದ್ದರಿಂದ ಪ್ರತಿ ರಿಜಿಸ್ಟರ್‌ಗೂ ಬೇರೆ ಅರ್ಜಿ. ತನಿಖೆ ನಡೆದಿದೆ ಎಂದು ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) ಕಲಂ ತೋರಿಸಿ ನಿರಾಕರಿಸುತ್ತಾರೆ. ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯೆಂದು ಅವರೇ ತೋರಿಸಬೇಕು. 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

‘ಕರ್ತವ್ಯಕ್ಕೆ ಅಡ್ಡಿಪಡಿಸಿದರು’ ಎಂದು ನಿಮ್ಮ ಕಡೆಯವರ ಮೇಲೆಯೇ ಬಿಎನ್‌ಎಸ್ 132 ಅಥವಾ 121ರಡಿ ಪ್ರತಿದೂರು ಬರುವುದನ್ನು ನಿರೀಕ್ಷಿಸಿ. ಅದರ ಉದ್ದೇಶ ಬರೀ ಹೆದರಿಸುವುದಲ್ಲ; ಕರ್ತವ್ಯದಲ್ಲಿದ್ದರು ಎಂಬ ಸಂಗತಿಯನ್ನು ದಾಖಲೆಗೆ ತರುವುದು. ಹೆಸರಿಸಲ್ಪಟ್ಟ ಪ್ರತಿಯೊಬ್ಬರಿಗೂ ಬಿಎನ್‌ಎಸ್‌ಎಸ್ 482ರಡಿ ನಿರೀಕ್ಷಣಾ ಜಾಮೀನು ಹಾಕಿಸಿ. ಎರಡೂ ಪ್ರಕರಣ ಒಬ್ಬರೇ ಅಧಿಕಾರಿ ತನಿಖೆ ಮಾಡುವಂತೆ, ಆ ಅಧಿಕಾರಿ ಆರೋಪಿಯ ಠಾಣೆಯವರಾಗಿರದಂತೆ ಕೇಳಿ.

ತನಿಖೆ ಯಾರದು

ಆರೋಪಿ ಕೆಲಸ ಮಾಡುವ ಠಾಣೆಯಿಂದ ತನಿಖೆ ಹೊರಗೆ ಹೋಗಬೇಕು. ಮೊದಲು ಎಸ್ಪಿ, ಐಜಿಪಿಗೆ ಮನವಿ, ಡಿಜಿಪಿಗೆ ಸಿಐಡಿ ತನಿಖೆಯ ಕೋರಿಕೆ. ಫಲ ಕಾಣದಿದ್ದರೆ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಈ ಪೀಠದಿಂದಾಗಿ ಮೂರೂ ಜಿಲ್ಲೆಯವರು ಬೆಂಗಳೂರಿಗೆ ಅಲೆಯಬೇಕಿಲ್ಲ. ಬರೀ ಅನುಮಾನದ ಮೇಲೆ ಹೈಕೋರ್ಟ್ ತನಿಖೆ ವರ್ಗಾಯಿಸುವುದಿಲ್ಲ: ಸ್ವಾಬ್ ತೆಗೆಯದ್ದು, ಬಂದೂಕು ತಡವಾಗಿ ಜಪ್ತಿಯಾದದ್ದು, ಉತ್ತರ ಬಾರದ ನಿಮ್ಮ ಅರ್ಜಿಗಳು, ಇವನ್ನು ದಿನಾಂಕದೊಂದಿಗೆ ತೋರಿಸಬೇಕು.

ಬಂಧನವಾದರೆ 90 ದಿನ ಎಣಿಸುತ್ತಿರಿ. ಕೊಲೆ ಪ್ರಕರಣದಲ್ಲಿ ಅಷ್ಟರೊಳಗೆ ದೋಷಾರೋಪ ಪಟ್ಟಿ ಬಾರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. 75ನೇ ದಿನದ ಹೊತ್ತಿಗೆ ಪ್ರಯೋಗಾಲಯದ ವರದಿ ಎಲ್ಲಿದೆ ಎಂದು ಲಿಖಿತವಾಗಿ ವಿಚಾರಿಸಿ. ತನಿಖೆಯ ಪ್ರಗತಿಯನ್ನು 90 ದಿನದೊಳಗೆ ನಿಮಗೆ ತಿಳಿಸಬೇಕೆಂದು ಬಿಎನ್‌ಎಸ್‌ಎಸ್ 193(3) ಹೇಳುತ್ತದೆ. ಜಾಮೀನು ಅರ್ಜಿಯಲ್ಲಿ ಸಂತ್ರಸ್ತರ ಮಾತು ಕೇಳಬೇಕೆಂದು ಸುಪ್ರೀಂ ಕೋರ್ಟ್ 2022ರ ಜಗಜೀತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ವಕೀಲರಿಂದ ಆಕ್ಷೇಪಣೆ ಹಾಕಿಸಿ. ಬಿ ರಿಪೋರ್ಟ್ (ಪ್ರಕರಣ ಮುಚ್ಚಬಹುದೆಂಬ ಪೊಲೀಸ್ ವರದಿ) ಬಂದರೆ ನೋಟಿಸ್ ಕೈಸೇರಿದ ಕೂಡಲೇ ಅದನ್ನು ಒಪ್ಪಬಾರದೆಂದು ಕೋರ್ಟಿಗೆ ಪ್ರತಿಭಟನಾ ಅರ್ಜಿ.

ಆತ್ಮರಕ್ಷಣೆಗೆ ಹೊಡೆದೆ ಎಂದು ಆರೋಪಿ ಹೇಳಿದರೆ, ಅದನ್ನು ತೋರಿಸಿಕೊಡುವ ಹೊಣೆ ಸಾಕ್ಷ್ಯ ಅಧಿನಿಯಮ 108ರಂತೆ ಅವನದೇ.

ಪೂರ್ವಾನುಮತಿ ಅರ್ಜಿ

ಅನುಮತಿ ಬೇಕಿಲ್ಲ ಎಂಬುದು ನಿಮ್ಮ ನಿಲುವು. ಆದರೂ ಮುಂಜಾಗ್ರತೆಗೆ ಅರ್ಜಿ ಹಾಕಿಡುವುದು ಜಾಣತನ, ಏಕೆಂದರೆ ಈ ತಕರಾರು ವಿಚಾರಣೆಯ ಯಾವ ಹಂತದಲ್ಲೂ ಏಳಬಹುದು. ವಿಧಾನಸೌಧದ ಒಳಾಡಳಿತ ಇಲಾಖೆಗೆ ‘ನಮ್ಮ ಪ್ರಕಾರ ಅಗತ್ಯವಿಲ್ಲ, ಆ ವಾದವನ್ನು ಬಿಟ್ಟುಕೊಡದೆ ಕೋರುತ್ತಿದ್ದೇವೆ’ ಎಂದು ಸ್ಪಷ್ಟವಾಗಿ ಬರೆದು ಕಳಿಸಿ. 218ರಡಿ 120 ದಿನದೊಳಗೆ ತೀರ್ಮಾನವಾಗದಿದ್ದರೆ ಅನುಮತಿ ಸಿಕ್ಕಂತೆ. ಆ ಗಡುವು ಅರ್ಜಿ ತಲುಪಿದ ದಿನದಿಂದ ಶುರು, ಹಾಗಾಗಿ ಸ್ವೀಕೃತಿ ಚೀಟಿ ಜೋಪಾನ. ನೆರೆ ರಾಜ್ಯದ ಪೊಲೀಸರಾದರೆ ಅರ್ಜಿ ಆ ಸರ್ಕಾರಕ್ಕೆ.

ಇಲಾಖೆ, ಪ್ರಾಧಿಕಾರ, ಆಯೋಗ

ಅಮಾನತು ಶಿಕ್ಷೆಯಲ್ಲ. 1965ರ ಕರ್ನಾಟಕ ರಾಜ್ಯ ಪೊಲೀಸ್ (ಶಿಸ್ತು ನಡವಳಿ) ನಿಯಮಗಳಡಿ ವಿಚಾರಣೆ ಶುರುವಾಯಿತೇ ಎಂದು ಕೇಳಿ, ಸಾಕ್ಷಿಯಾಗಿ ಹೇಳಿಕೆ ಕೊಡಲು ಸಿದ್ಧ ಎಂದು ತಿಳಿಸಿ. 2006ರ ಪ್ರಕಾಶ್ ಸಿಂಗ್ ತೀರ್ಪಿನಿಂದ ಬಂದ ಪೊಲೀಸ್ ದೂರು ಪ್ರಾಧಿಕಾರ ರಾಜ್ಯ ಮಟ್ಟದಲ್ಲೂ ಜಿಲ್ಲಾ ಮಟ್ಟದಲ್ಲೂ ಇದೆ.

ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಒಂದು ವರ್ಷದೊಳಗೆ ದೂರು ಕೊಡಬೇಕು. ರಾಜ್ಯ ಆಯೋಗದಲ್ಲಿ ಬಾಕಿಯಿರುವುದನ್ನು ರಾಷ್ಟ್ರೀಯ ಆಯೋಗ ನೋಡುವುದಿಲ್ಲ, ಒಂದನ್ನೇ ಆರಿಸಿ. ಇಲ್ಲೊಂದು ಸೂಕ್ಷ್ಮವಿದೆ. ಆಯೋಗ ಸರ್ಕಾರಿ ನೌಕರನ ತಪ್ಪನ್ನು ನೋಡುತ್ತದೆ, ಕ್ರಿಮಿನಲ್ ಕೋರ್ಟಿನಲ್ಲಿ ನೀವು ಖಾಸಗಿ ಕೃತ್ಯ ಎನ್ನುತ್ತೀರಿ. ಎರಡೂ ಹೊಂದಬೇಕಾದರೆ ಆಯೋಗದ ಮುಂದೆ ಸರ್ಕಾರದ ಲೋಪವನ್ನೇ ಹೇಳಿ: ಪಾಳಿ ಮುಗಿದವನ ಬಳಿ ಸರ್ವಿಸ್ ಪಿಸ್ತೂಲು ಬಿಟ್ಟದ್ದು, ಹಿಂದಿನ ದೂರುಗಳನ್ನು ಕಡೆಗಣಿಸಿದ್ದು, ತನಿಖೆ ತಡಮಾಡಿದ್ದು. ಗುಂಡು ಹಾರಿಸಿದ್ದು ಮಾತ್ರ ಎಲ್ಲ ಕಡೆಯೂ ಖಾಸಗಿ ಕೃತ್ಯವಾಗಿಯೇ ಉಳಿಯಲಿ. ಒಂದು ಅರ್ಜಿಯ ಮಾತನ್ನು ಇನ್ನೊಂದರ ವಿರುದ್ಧ ಓದಿ ತೋರಿಸುತ್ತಾರೆ.

ಪರಿಹಾರ, ವಕೀಲರು, ಸಾಕ್ಷಿಗಳು

ಬಿಎನ್‌ಎಸ್‌ಎಸ್ 396ರ ಸಂತ್ರಸ್ತ ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಮಹಿಳೆಯರು, ಪರಿಶಿಷ್ಟರು, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರಿ ವಕೀಲರಿಗೆ ನೆರವಾಗಲು ನಿಮ್ಮ ವಕೀಲರನ್ನೂ ಇಟ್ಟುಕೊಳ್ಳಬಹುದು.

ಕಣ್ಣಾರೆ ಕಂಡವರ ಹೇಳಿಕೆಯನ್ನು ಬೇಗ 183ರಡಿ ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಲು ಒತ್ತಾಯಿಸಿ. ಬೆದರಿಕೆ ಬಂದರೆ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ ಅದನ್ನು ತೀರ್ಮಾನಿಸುತ್ತದೆ. ಬೆದರಿಕೆ ಕರೆಯ ದಿನ, ಗಂಟೆ, ನಂಬರ್ ಬರೆದಿಡಿ.

ಊರ ಹಿರಿಯರು ರಾಜಿಗೆ ಕೂರಿಸುತ್ತಾರೆ. ಕೊಲೆಯೂ ಕೊಲೆ ಯತ್ನವೂ ರಾಜಿಯಾಗುವ ಅಪರಾಧಗಳಲ್ಲ. ಬಾಂಡ್ ಪೇಪರಿನ ಮೇಲೆ ಸಹಿ ಹಾಕಿದರೆ ಕೇಸು ಮುಗಿಯದು, ನಿಮ್ಮ ಸಾಕ್ಷ್ಯದ ನಂಬಿಕೆ ಮಾತ್ರ ಮುಗಿಯುತ್ತದೆ. ಖಾಲಿ ಹಾಳೆಗೆ, ಓದಲು ಬಾರದ ಭಾಷೆಯ ಕಾಗದಕ್ಕೆ ಮನೆಯ ಯಾರೂ ಸಹಿ ಅಥವಾ ಹೆಬ್ಬೆಟ್ಟು ಹಾಕದಂತೆ ಮೊದಲ ದಿನವೇ ಎಲ್ಲರಿಗೂ ಹೇಳಿಡಿ.